ಸೇತುವೆ ದಾಟದಿರುವ ಬಗ್ಗೆ

ಕಾರಿನಲ್ಲಿ ಓಡಾಡುವ ಮನುಷ್ಯನಿಗೆ ತಾನು ನದಿ ದಾಟಿದ್ದು ತಿಳಿಯುವುದಿಲ್ಲವೆಂಬ ಸಂಗತಿಯನ್ನು ಮೊಟ್ಟಮೊದಲಿಗೆ ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಫ್ಲೂಗರ್‌ವಿಲ್‌ನಲ್ಲಿರುವ ನಮ್ಮ ಮನೆಗೂ ನನ್ನ ಆಫೀಸಿಗೂ ನಡುವೆ ತೊರೆಗಳಿವೆ ಎಂಬುದು ವರ್ಷಗಟ್ಟಲೆ ಆ ದಾರಿಯಲ್ಲಿ ಡ್ರೈವ್ ಮಾಡಿದ ಮೇಲೂ ನನಗೆ ಗೊತ್ತಿರಲಿಲ್ಲ. ಸೈಕಲ್ ಕೊಂಡ ಮೇಲೆ ಗೊತ್ತಾಯಿತು. ಸೈಕಲ್ಲಿನವನಿಗೆ ಸೇತುವೆಯು ಕಣ್ಣಿಗಿಂತ ಮೊದಲು ಮೈಗೆ ತಿಳಿಯುತ್ತದೆ. ರಸ್ತೆ ಇಳಿಜಾರಾಗುತ್ತದೆ, ಮೊಣಕೈಗೆ ತಂಪು ತಾಗುತ್ತದೆ, ಚಕ್ರದ ಸದ್ದು ಟೊಳ್ಳಾಗುತ್ತದೆ, ಅಷ್ಟರಲ್ಲಿ ಏರು ಬಂದು ಏದುಸಿರು ಶುರುವಾಗುತ್ತದೆ. ಟೆಕ್ಸಾಸ್‌ನ ಎಷ್ಟೋ ತೊರೆಗಳಲ್ಲಿ ವರ್ಷದ ಬಹುಭಾಗ ನೀರೇ ಇರುವುದಿಲ್ಲವಾದ್ದರಿಂದ ಅವನ್ನು ದಾಟುವುದು ಹೆಸರಿಗೆ ಮಾತ್ರ ದಾಟುವುದು. ಆದರೂ ಈಗೀಗ ಪ್ರತಿಯೊಂದು ಸೇತುವೆಯ ಮುಂದೆಯೂ ನನ್ನ ಬೆರಳುಗಳು ತಾವಾಗಿಯೇ ಬ್ರೇಕಿನ ಮೇಲೆ ಹೋಗುತ್ತವೆ. ಈ ಅಭ್ಯಾಸ ಹೇಗೆ ಬಂತೆಂಬುದನ್ನು ನಿವೇದಿಸಿಕೊಳ್ಳುವುದೇ ಪ್ರಸ್ತುತ ಬರಹದ ಉದ್ದೇಶವಾಗಿರುತ್ತದೆ.

ಇದು ನನ್ನ ಮೊದಲ ಬರಹ. ಇದಕ್ಕೆ ಮುಂಚೆ ಕನ್ನಡದಲ್ಲಿ ನಾನು ಬರೆದದ್ದೆಲ್ಲ ಅರ್ಜಿಗಳೇ. ನಂಜನಗೂಡು ತಾಲ್ಲೂಕಿನ ಒಂದು ಊರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ನಮ್ಮ ತಂದೆಯವರು, ಊರಿನ ಜಲ್ಲಿ ರಸ್ತೆಗೆ ಡಾಂಬರು ಹಾಕಿಸಿಕೊಡಬೇಕೆಂದು ಲೋಕೋಪಯೋಗಿ ಇಲಾಖೆಗೆ ಮೇಲಿಂದ ಮೇಲೆ ಬರೆಯುತ್ತಿದ್ದರು. ಅಕ್ಷರ ದುಂಡಗಿದೆಯೆಂಬ ಕಾರಣಕ್ಕೆ ಶುದ್ಧಪ್ರತಿ ತೆಗೆಯುವ ಕೆಲಸ ನನ್ನ ಪಾಲಿಗಿತ್ತು. ಅಂದಿನಿಂದ ಏನು ಬರೆಯಲು ಕುಳಿತರೂ ಕೈ ಮೊದಲು ‘ಮಾನ್ಯರೇ’ ಎಂದು ಬರೆದು ಆಮೇಲೆ ನನ್ನನ್ನು ಕೇಳುತ್ತದೆ. ಓದುಗರು ಸಹಿಸಿಕೊಳ್ಳಬೇಕಾಗಿ ಕೋರುತ್ತೇನೆ.

ಸದರಿ ತಂದೆಯ ಮಗನಾದ ನಾನು ನಲವತ್ತು ದಾಟಿದ ಮೇಲೆ, ಡಾಂಬರಿಲ್ಲದ ರಸ್ತೆಯನ್ನೇ ಹುಡುಕಿಕೊಂಡು ಹೋಗಿ ಸೈಕಲ್ ತುಳಿಯುವ ಹವ್ಯಾಸಕ್ಕೆ ಬಿದ್ದೆ. ಇದಕ್ಕೆ ಗ್ರ್ಯಾವೆಲ್ ಬೈಕಿಂಗ್ ಎಂದು ಹೆಸರು. ಇದಕ್ಕೆ ಅಗಲ ಟೈರಿನ, ಬಾಗಿದ ಹ್ಯಾಂಡಲಿನ ಪ್ರತ್ಯೇಕ ಸೈಕಲ್ ಬೇಕು, ಪ್ರತ್ಯೇಕ ಬೂಟು ಬೇಕು, ಹೊಟ್ಟೆಯನ್ನು ಲೋಕಕ್ಕೆಲ್ಲ ತೋರಿಸುವ ಬಿಗಿ ಜೆರ್ಸಿ ಬೇಕು. ಊರಿನಲ್ಲಿ ಇದನ್ನೇ ನಾವು ಬರಿಗಾಲಿನಲ್ಲಿ, ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡು, ಯಾವ ಹೆಸರೂ ಇಲ್ಲದೆ ಮಾಡುತ್ತಿದ್ದೆವು. ಫ್ರಾನ್ಸ್ ದೇಶದಲ್ಲಿ ನದಿಯ ಪಕ್ಕದಲ್ಲೇ ಹಳ್ಳಿಯಿಂದ ಹಳ್ಳಿಗೆ ಹೋಗುವ ಒಳ್ಳೆಯ ಜಲ್ಲಿ ದಾರಿಗಳಿವೆ, ರಜೆ ಹಾಕಿ ಅಲ್ಲಿಗೆ ಹೋಗುತ್ತಿದ್ದೇವೆ ಎಂದಾಗ ನನ್ನ ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸಿದಳು: “ಸೋ ಯು ಆರ್ ಪೇಯಿಂಗ್ ಫಾರ್ ಬ್ಯಾಡ್ ರೋಡ್ಸ್?” ಅವಳ ಅಜ್ಜ ಇದ್ದಿದ್ದರೆ ಇದನ್ನೇ ಸವಿನಯವಾಗಿ ಕೇಳುತ್ತಿದ್ದರು.

ಹೊರಟವರು ಮೂವರು. ನಾನು ಒಬ್ಬ. ಸೀಡರ್ ಪಾರ್ಕಿನ ಶ್ರೀಧರ ಇನ್ನೊಬ್ಬ. ಚಿಪ್ ವಿನ್ಯಾಸದ ಕೆಲಸ, ಮೈಸೂರಿನವನು, ನನಗಿಂತ ಏಳೆಂಟು ವರ್ಷ ಚಿಕ್ಕವನು, ಆದರೂ ಏಕವಚನದ ಸ್ನೇಹ. ಮೂರನೆಯವರು ಹ್ಯೂಸ್ಟನ್ ಕಡೆಯ ಸೈಪ್ರೆಸ್‌ನ ವೀರಣ್ಣ ಅಂಕಲ್. ಗದಗದವರು, ತೈಲ ಕಂಪನಿಯಿಂದ ನಿವೃತ್ತರು, ಏರಿನಲ್ಲಿ ನಮ್ಮಿಬ್ಬರನ್ನೂ ಹಿಂದೆ ಹಾಕಿ ಮೇಲೆ ನಿಂತು ಶೇಂಗಾ ತಿನ್ನುವವರು.

ಪ್ರವಾಸದ ಬುಕಿಂಗ್ ಎಲ್ಲ ಮುಗಿದ ಮೇಲೆ ಶ್ರೀಧರನ ಹೆಂಡತಿ ಸಹನಾ ಬಸಿರಾದಳು. ಹಿಂದೆ ಎರಡು ಸಲ ಅವರಿಗೆ ಗರ್ಭ ನಿಂತೂ ಉಳಿದಿರಲಿಲ್ಲ. ಇದು ಮೂರನೆಯದು. ನಾವು ಹೊರಡುವ ಹೊತ್ತಿಗೆ ಹಿಂದಿನ ಎರಡೂ ಸಲದ ಅಪಾಯದ ಘಟ್ಟ ದಾಟಿತ್ತು, ಡಾಕ್ಟರು ಧೈರ್ಯ ಹೇಳಿದ್ದರು, ಶ್ರೀಧರನ ತಾಯಿ ಸುಶೀಲಮ್ಮನವರು ಮೈಸೂರಿನಿಂದ ಬಂದು ಜೊತೆಗಿದ್ದರು. ಆದರೂ ಶ್ರೀಧರ “ನಾನು ಬರಲ್ಲ” ಎಂದ. ಸಹನಾ “ಹೋಗಿ” ಎಂದಳು. “ಇಲ್ಲಿದ್ರೆ ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಮುಖಾನೇ ನೋಡ್ತಾ ಕೂತಿರ್ತೀರ. ನಾನು ಕೆಮ್ಮಿದ್ರೆ ಕಾರಿನ ಕೀ ಹುಡುಕ್ತೀರ. ನನಗೆ ಉಸಿರಾಡೋಕೆ ಬಿಡಿ, ಹೋಗಿ ಬನ್ನಿ.” ನನ್ನ ಎದುರಿಗೇ ಹೇಳಿದ್ದರಿಂದ ಯಥಾವತ್ತಾಗಿ ಬರೆಯಲು ಸಾಧ್ಯವಾಗಿದೆ.

ಡಾಲಸ್‌ನ ವಿಮಾನ ನಿಲ್ದಾಣದಲ್ಲಿ ಮೂವರೂ ಸೇರಿದಾಗ ಶ್ರೀಧರನ ಮುಖದ ತುಂಬ ಗಡ್ಡವಿತ್ತು. ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಕೂರಲಾರದಷ್ಟು ಗಡ್ಡ. ಹೆಂಡತಿ ಬಸಿರಾಗಿರುವಾಗ ಗಂಡ ಕ್ಷೌರ ಮಾಡಿಸಿಕೊಳ್ಳಬಾರದೆಂಬ ಪದ್ಧತಿ ತಮಗೂ ತಿಳಿದಿರಬಹುದು. ಹೆಣ ಹೊರಬಾರದು, ಬೆಟ್ಟ ಹತ್ತಬಾರದು, ಸಮುದ್ರ ದಾಟಬಾರದು ಎಂದು ಅದರ ಬಾಲ ಉದ್ದವಾಗಿದೆ. ನಮ್ಮ ಹಿರಿಯರು ಬಸುರಿಗೆ ಹಾಕಿದ ಕಟ್ಟುಗಳು ಅರ್ಥವಾಗುತ್ತವೆ. ಗಂಡನಿಗೇಕೆ ಇಷ್ಟೊಂದು ನಿಷೇಧ ವಿಧಿಸಿದರೆಂಬ ಬಗ್ಗೆ ನಾನು ಆಗ ಯೋಚಿಸಿರಲಿಲ್ಲ. ಊರಿನಲ್ಲಿ ಯಾರಾದರೂ ಗಡ್ಡ ಬಿಟ್ಟರೆ ಹೆಂಗಸರು ಕೆರೆ ದಂಡೆಯಲ್ಲಿ ನಗುತ್ತಿದ್ದುದು ನೆನಪಿದೆ. ಮನೆಯೊಳಗಿನ ಗುಟ್ಟು ಮೊದಲು ಗಂಡನ ಗದ್ದದ ಮೇಲೆ ಬಯಲಾಗುತ್ತಿತ್ತು.

ಫ್ರಾನ್ಸಿನ ನೈರುತ್ಯ ಭಾಗದಲ್ಲಿ ಲಾಟ್ ಎಂಬ ನದಿಯಿದೆ. ಹಾವು ಮೈ ಸುತ್ತಿಕೊಂಡ ಹಾಗೆ ಹರಿಯುತ್ತದೆ. ಒಂದು ಪಕ್ಕದಲ್ಲಿ ಬಿಳಿ ಸುಣ್ಣಕಲ್ಲಿನ ಬಂಡೆಗೋಡೆ, ಇನ್ನೊಂದು ಪಕ್ಕದಲ್ಲಿ ದ್ರಾಕ್ಷಿ ತೋಟ, ಆಕ್ರೋಡು ಮರ. ತಿರುವು ಬಂದರೆ ಅದೇ ಬದಲಾಗಿ ಬಂಡೆ ಆ ಕಡೆ, ತೋಟ ಈ ಕಡೆ. ಜಲ್ಲಿಯೂ ಬಿಳಿ. ಸಂಜೆಯ ಹೊತ್ತಿಗೆ ನಮ್ಮ ಮೊಣಕಾಲುಗಳು ರಂಗೋಲಿ ಪುಡಿ ಮೆತ್ತಿದ ಹಾಗೆ ಕಾಣುತ್ತಿದ್ದವು. ದಾರಿಯು ಬಂಡೆಯನ್ನು ತಪ್ಪಿಸಿಕೊಳ್ಳಲು ಮತ್ತೆ ಮತ್ತೆ ನದಿ ದಾಟುತ್ತದೆ ಎಂಬುದನ್ನು ಭೂಪಟದಲ್ಲಿ ನೋಡಿದ್ದೆವು. ಅದರಲ್ಲೇನು ವಿಶೇಷವೆಂದು ನಾನೂ ವೀರಣ್ಣ ಅಂಕಲ್ ಅವರೂ ಭಾವಿಸಿರಲಿಲ್ಲ.

ಮೊದಲ ಸೇತುವೆ ಬಂತು. ತೆಳ್ಳನೆಯ ಹಳೆಯ ಕಬ್ಬಿಣದ ಸೇತುವೆ. ಶ್ರೀಧರ ಸೈಕಲ್ಲಿನಿಂದ ಇಳಿದು ನಿಂತ.

“ಪಂಕ್ಚರ್ ಏನ್ರೀ?” ಎಂದರು ವೀರಣ್ಣ ಅಂಕಲ್.

“ಇಲ್ಲ ಅಂಕಲ್. ನೀವು ಹೋಗಿ. ನಾನು ಈ ದಡದಲ್ಲೇ ಬರ್ತೀನಿ.”

“ಈ ದಂಡಿಗೆ ದಾರಿ ಇಲ್ಲಲ್ರೀ.”

“ಡಾಂಬರ್ ರೋಡ್ ಇದೆ, ನೋಡಿದೀನಿ.”

ವಿಚಾರಿಸಲಾಗಿ ತಿಳಿದುಬಂದದ್ದೇನೆಂದರೆ, ಬಸುರಿಯ ಗಂಡ ತನ್ನ ಕಾಲಿನ ಬಲದಿಂದ ಹರಿವ ನೀರು ದಾಟಬಾರದೆಂದು ತಾಯಿ ಹೊರಡುವಾಗ ಹೇಳಿ ಕಳಿಸಿದ್ದರು. ಅಪಾಯದ ಘಟ್ಟ ದಾಟಿದೆಯೆಂದು ಡಾಕ್ಟರು ಹೇಳಿದ ಮೇಲೂ ನಂಬಲಾರದಷ್ಟು ಹೆದರಿದ್ದ ಶ್ರೀಧರ, ಇದನ್ನು ಮಾತ್ರ ಪೂರ್ತಿ ನಂಬಿ ಬಂದಿದ್ದ.

ವೀರಣ್ಣ ಅಂಕಲ್ ಸೈಕಲ್ಲನ್ನು ಕಟಾಂಜನಕ್ಕೆ ಒರಗಿಸಿದರು. “ಅಲ್ರೀ ಶ್ರೀಧರ, ಸಮುದ್ರಾ ದಾಟಿ ಬಂದೀರಿ. ಈ ಹಳ್ಳಾ ದಾಟಾಕ ಒಲ್ಲೆ ಅಂತೀರಿ?”

“ಅಮ್ಮನ್ನ ಕೇಳ್ದೆ ಅಂಕಲ್. ವಿಮಾನದಲ್ಲಿ ಹೋದ್ರೆ ದಾಟಿದ ಹಾಗಲ್ವಂತೆ. ನಾನು ಕೂತಿರ್ತೀನಿ ಅಷ್ಟೇ.”

“ನಿನ್ನೆ ರೈಲಿನ್ಯಾಗ?”

“ರೈಲಲ್ಲೂ ಕೂತಿದ್ದೆ.”

“ಹಂಗಾರ ನಿಮ್ಮನ್ನ ನಾವು ಹೊತ್ಕೊಂಡು ದಾಟಿಸಿದ್ರ ನಡೀತದೇನು?”

ಶ್ರೀಧರ ಈ ಪ್ರಶ್ನೆಯನ್ನು ಗಂಭೀರವಾಗಿ ಪರಿಶೀಲಿಸಿದ. ಆಮೇಲೆ, “ಅದನ್ನ ಕೇಳಿಲ್ಲ,” ಎಂದ.

ಸರ್ಕಾರಿ ಸುತ್ತೋಲೆಗಳ ಪರಿಚಯವಿರುವ ನನಗೆ ಈ ನಿಯಮದ ರಚನೆಯಲ್ಲಿ ಒಂದು ಅಚ್ಚುಕಟ್ಟುತನ ಕಂಡಿತೆಂದು ಒಪ್ಪಿಕೊಳ್ಳಬೇಕು. ವಿನಾಯಿತಿಗಳೆಲ್ಲ ಅನುಕೂಲಕ್ಕೆ ತಕ್ಕ ಹಾಗಿದ್ದವು, ನಿಷೇಧ ಮಾತ್ರ ಕೈಗೆಟಕುವಷ್ಟು ಚಿಕ್ಕದಾಗಿತ್ತು. ಆದರೆ ಆಗ ನಾನು ನಕ್ಕೆ. “ಗುರು, ಟೆಕ್ಸಾಸ್‌ನಲ್ಲಿ ಹೀಗೆ ಶುರು ಮಾಡಿದ್ರೆ ನೀನು ಹಾಲು ತರೋಕೂ ಹೋಗಂಗಿಲ್ಲ,” ಎಂದೆ. ಅವನೂ ನಕ್ಕ. ನಕ್ಕು ಡಾಂಬರು ರಸ್ತೆಗೆ ತಿರುಗಿದ.

ಹೀಗೆ ನಾವು ಎರಡು ದಂಡೆಗಳಾಗಿ ಸಾಗಿದೆವು. ಈ ಕಡೆ ಜಲ್ಲಿಯ ಮೇಲೆ ನಾವಿಬ್ಬರು, ಆ ಕಡೆ ಲಾರಿಗಳ ಪಕ್ಕದಲ್ಲಿ ಶ್ರೀಧರ ಒಬ್ಬನೇ. ಮರಗಳ ಸಂದಿಯಲ್ಲಿ ಅವನ ಹಳದಿ ಜೆರ್ಸಿ ಕಾಣುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ನದಿ ಕಿರಿದಾದ ಕಡೆ ನಿಂತು ಕೂಗಿ ಮಾತಾಡುತ್ತಿದ್ದೆವು. “ಊಟ ಎಲ್ಲಿ?” “ಮುಂದಿನ ಊರು!” “ಸಹನಾ ಮೆಸೇಜ್ ಮಾಡಿದ್ಲು, ಆರಾಮಂತೆ!” ಮೀನು ಹಿಡಿಯುತ್ತಿದ್ದ ಒಬ್ಬ ಮುದುಕ, ನೀರಿನ ಮೇಲೆ ಕನ್ನಡ ಹಾದುಹೋಗುವುದನ್ನು ಕತ್ತೆತ್ತಿ ನೋಡಿ, ಮೀನು ಓಡಿಹೋದವೆಂಬಂತೆ ಗಾಳದ ದಾರ ಸುತ್ತಿಕೊಂಡ. ಒಂದು ತಿರುವಿನಲ್ಲಿ ನಾನು ಶ್ರೀಧರನ ಫೋಟೋ ತೆಗೆದೆ. ಅಗಲವಾದ ಹಸಿರು ನೀರು, ಅದರಾಚೆ ಬಂಡೆಯ ಬುಡದಲ್ಲಿ ಹೆಬ್ಬೆರಳಿನಷ್ಟು ಹಳದಿ, ಅದರ ಮೇಲೆ ಗಡ್ಡ.

ಮರುದಿನ ವೀರಣ್ಣ ಅಂಕಲ್ ಬೆಳಿಗ್ಗೆಯೇ ಪ್ರಕಟಿಸಿದರು. “ಇವತ್ತಿಂದ ನಾವೂ ಆ ದಂಡಿಗೇ ಬರ್ತೀವಿ. ಒಬ್ಬಾಂವ ಲಾರಿ ಬಾಜೂಕ ಹೋಗೂದು, ಇಬ್ರು ನೋಡ್ಕೋತ ಹೋಗೂದು, ಇದು ಮನಶ್ಯಾರ ಮಾಡೂ ಕೆಲಸಲ್ಲ.” ಜಲ್ಲಿ ತುಳಿಯಲೆಂದು ಸಮುದ್ರ ದಾಟಿ ಬಂದ ನಾವು ಅಂದಿನಿಂದ ಬಹುಪಾಲು ಡಾಂಬರನ್ನೇ ತುಳಿದೆವು. ನಮ್ಮ ತಂದೆಯವರ ಅರ್ಜಿ ಕೊನೆಗೂ ಮಂಜೂರಾದಂತಾಯಿತು.

ಅಂದು ಸಂಜೆ ಇಳಿದುಕೊಂಡದ್ದು ನದಿ ಪಕ್ಕದ ಒಂದು ತೋಟದ ಮನೆಯಲ್ಲಿ. ಮನೆಯೊಡತಿ ಎಪ್ಪತ್ತರ ಆಸುಪಾಸಿನ ಹೆಂಗಸು. ನಾವು ಮಾಂಸ ತಿನ್ನುವುದಿಲ್ಲವೆಂದು ತಿಳಿದು ಬೇಸರಪಟ್ಟು, ಆಮೇಲೆ ಸೋಲೊಪ್ಪದೆ ಹುರುಳಿಕಾಯಿ, ಆಲೂಗಡ್ಡೆ, ಆಕ್ರೋಡಿನ ಕೇಕು ಎಂದು ಮೇಜು ತುಂಬಿಸಿದಳು. ಶ್ರೀಧರನ ಗಡ್ಡವನ್ನು ತೋರಿಸಿ ತನ್ನ ಮೇಕೆಯನ್ನು ತೋರಿಸಿ ನಗುತ್ತಿದ್ದಳು. ಅವಳ ಭಾಷೆ ನಮಗೆ ಬಾರದು, ಆದರೆ ಮೇಕೆಯ ಹಾಸ್ಯಕ್ಕೆ ಭಾಷೆ ಬೇಕಾಗಿರಲಿಲ್ಲ.

ಸೂಪು ಬಂದ ಹೊತ್ತಿಗೆ ಶ್ರೀಧರನಿಗೆ ಫೋನು ಬಂತು. ಅಲ್ಲಿ ಸೀಡರ್ ಪಾರ್ಕಿನಲ್ಲಿ ಮಧ್ಯಾಹ್ನ. ಅವನು ಎದ್ದು ಅಂಗಳಕ್ಕೆ ಹೋದ. ಇನ್ನೂ ಬಿಸಿಲಿತ್ತು. ಕಿಟಕಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ಮಾತಾಡಿದ್ದು ಸ್ವಲ್ಪ. ಆಮೇಲೆ ಫೋನನ್ನು ಕಿವಿಯಿಂದ ತೆಗೆದು ಕೈಯಲ್ಲಿ ಹಿಡಿದು, ನಮ್ಮ ಮೂರು ಸೈಕಲ್ಲುಗಳನ್ನು ನೋಡುತ್ತ ನಿಂತಿದ್ದ. ಒಳಗೆ ಬಂದು ಕುಳಿತು ಸೂಪು ಕುಡಿದ.

“ಮನ್ಯಾಗ ಎಲ್ಲಾ ಆರಾಮ?” ಎಂದರು ವೀರಣ್ಣ ಅಂಕಲ್.

“ಹ್ಞೂಂ ಅಂಕಲ್.”

ಊಟವಾದ ಮೇಲೆ ಒಂದು ಹಳೆ ಬಟ್ಟೆ ಕೇಳಿ ಪಡೆದು ತನ್ನ ಸೈಕಲ್ಲಿನ ಚೈನು ಒರೆಸಲು ಕುಳಿತ. ತನ್ನದು ಮುಗಿದ ಮೇಲೆ ನನ್ನದು ಒರೆಸಿದ. ಆಮೇಲೆ ಅಂಕಲ್ ಅವರದು. ನಾವು ಬೇಡವೆನ್ನಲಿಲ್ಲ, ಏಕೆಂದು ಕೇಳಲೂ ಇಲ್ಲ. ಕೇಳಬಾರದ್ದನ್ನು ಕೇಳದಿರುವುದರಲ್ಲಿ ನಮ್ಮವರಿಗೆ ಒಳ್ಳೆಯ ತರಬೇತಿಯಿದೆ.

ಬೆಳಿಗ್ಗೆ ನಾನೂ ಅಂಕಲ್ ಅವರೂ ಕಾಫಿಗೆ ಕುಳಿತಿದ್ದೆವು. ಮೆಟ್ಟಿಲಿಳಿದು ಶ್ರೀಧರ ಬಂದ. ಗಡ್ಡವಿರಲಿಲ್ಲ.

ಪ್ರಯಾಣದ ಚೀಲದಲ್ಲಿದ್ದ ಅಗ್ಗದ ರೇಜರಿನಲ್ಲಿ ತೆಗೆದಿದ್ದ. ಗದ್ದದ ಮೇಲೆ ಎರಡು ಕಡೆ ಕೊಯ್ದು, ಅದಕ್ಕೆ ಕಾಗದದ ಚೂರು ಅಂಟಿಸಿಕೊಂಡಿದ್ದ. ಬಿಸಿಲು ಕಾಣದ ಆ ಚರ್ಮ ಮುಖದ ಉಳಿದ ಭಾಗಕ್ಕಿಂತ ಬೆಳ್ಳಗಿತ್ತು, ಯಾರದೋ ಮುಖದ ಕೆಳಭಾಗವನ್ನು ತಂದು ಸೇರಿಸಿದಂತೆ. ವೀರಣ್ಣ ಅಂಕಲ್ ಕಪ್ಪನ್ನು ಕೆಳಗಿಟ್ಟರು. ಅಷ್ಟರಲ್ಲಿ ಮನೆಯೊಡತಿ ಬ್ರೆಡ್ಡು ಹಿಡಿದುಕೊಂಡು ಬಂದವಳು ಅವನನ್ನು ನೋಡಿ ಸಂತೋಷದಿಂದ ಕೈ ಎತ್ತಿ, ತನ್ನ ಕೆನ್ನೆಯನ್ನು ತಾನೇ ತಟ್ಟಿಕೊಂಡು, ಬಹಳ ಚೆನ್ನಾಗಿದೆ ಎಂಬರ್ಥದ ಏನನ್ನೋ ಹೇಳಿದಳು. ಶ್ರೀಧರ ಅವಳ ಭಾಷೆಯಲ್ಲೇ “ಮೆರ್ಸಿ” ಎಂದ. ಅವನಿಗೆ ಬರುತ್ತಿದ್ದುದು ಧನ್ಯವಾದ ಹೇಳುವ ಆ ಒಂದೇ ಪದ.

ವಾಪಸು ಹೊರಡಲು ಹೋಗಬೇಕಾದ ರೈಲು ನಿಲ್ದಾಣ ಆಚೆ ದಂಡೆಯಲ್ಲಿತ್ತು. ಸೇತುವೆಯ ತುದಿಗೆ ಬಂದು ನಾವು ಅಭ್ಯಾಸಬಲದಿಂದ ನಿಂತೆವು. ಅವನು ಇಳಿದು, ಸೈಕಲ್ ತಳ್ಳಿಕೊಂಡು ಸೇತುವೆಯ ಮೇಲೆ ನಡೆದ. ನಾವೂ ಇಳಿದೆವು. ವೀರಣ್ಣ ಅಂಕಲ್ ಒಂದು ಕೈಯಲ್ಲಿ ತಮ್ಮ ಸೈಕಲ್ ಹಿಡಿದು, ಇನ್ನೊಂದನ್ನು ಶ್ರೀಧರನ ಸೀಟಿನ ಮೇಲಿಟ್ಟು ಹಿಂದೆ ನಡೆದರು, ಸೈಕಲ್ ಕಲಿಯುವವರ ಹಿಂದೆ ನಡೆಯುವ ಹಾಗೆ. ನಟ್ಟನಡುವೆ ಶ್ರೀಧರ ನಿಂತು ಕೆಳಗೆ ನೋಡಿದ.

“ಇಷ್ಟೇ ಅಗಲಾನಾ ಇದು, ನಾಗೇಶ?”

“ಇಷ್ಟೇ ಕಣೋ,” ಎಂದೆ.

ಅವನು ತಲೆಯಾಡಿಸಿ ಮುಂದೆ ನಡೆದ.

ಅವನು ಮೊದಲು ಹೊರಟುಹೋದ. ಸಿಕ್ಕ ವಿಮಾನದಲ್ಲಿ ನಾವು ಹಿಂಬಾಲಿಸಿದೆವು. ಟೆಕ್ಸಾಸ್‌ಗೆ ಬಂದ ಮೇಲೆ ಒಂದು ಭಾನುವಾರ ನಾನೂ ನನ್ನ ಹೆಂಡತಿ ಉಷಾಳೂ ಮೆಣಸಿನ ಸಾರು, ಅನ್ನ ಮಾಡಿಕೊಂಡು ಸೀಡರ್ ಪಾರ್ಕಿಗೆ ಹೋದೆವು. ಇಂಥ ಮನೆಗೆ ಹೋಗಿ ಏನು ಮಾತಾಡಬೇಕೆಂದು ತಿಳಿಯದವರು ಸಾರು ಒಯ್ಯುತ್ತಾರೆ. ಸಹನಾ ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕುಳಿತಿದ್ದಳು. ಶ್ರೀಧರ ಅಂಗಡಿಗೆ ಹೋಗಿದ್ದ. ಅವಳೇ ಕೇಳಿದಳು.

“ಇವರು ಸೇತುವೆ ಹತ್ರ ಇಳಿದುಬಿಡ್ತಿದ್ರಂತೆ. ನಿಜಾನಾ?”

ನಿಜವೆಂದೆ. ಆ ಸಂಜೆಯವರೆಗೆ ಒಂದು ಸಲವೂ ದಾಟಲಿಲ್ಲವೆಂದೂ ನಾನು ಪ್ರತ್ಯಕ್ಷ ಸಾಕ್ಷಿಯೆಂದೂ ಹೇಳಿದೆ. ಫೋನು ತೆಗೆದು ಆ ಫೋಟೋ ತೋರಿಸಿದೆ. ಅವಳು ಬೆರಳಿನಿಂದ ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. “ಒಬ್ರೇ ಇದಾರಲ್ಲ,” ಎಂದಳು. ಆಮೇಲೆ, “ನನಗೆ ಕಳ್ಸಿ,” ಎಂದಳು. ಈಗದು ಅವರ ಫ್ರಿಜ್ಜಿನ ಬಾಗಿಲ ಮೇಲಿದೆ.

ಪಾತ್ರೆ ಒಳಗಿಡಲು ಅಡುಗೆಮನೆಗೆ ಹೋದಾಗ ಸುಶೀಲಮ್ಮನವರಿಗೂ ಅದನ್ನೇ ವರದಿ ಮಾಡಿದೆ. ನಿಮ್ಮ ಮಾತನ್ನು ಅವನು ಚಾಚೂ ತಪ್ಪದೆ ನಡೆಸಿದನೆಂದೆ. ಅವರು ಒರೆಸುತ್ತಿದ್ದ ಕಟ್ಟೆಯನ್ನು ಮತ್ತೊಂದು ಸಲ ಒರೆಸಿದರು.

“ಗಡ್ಡದ್ದು ಹಿಂದಿನಿಂದ ಬಂದಿದ್ದು. ನೀರಿಂದು ಎಲ್ಲೂ ಬರೆದಿಲ್ಲ ಕಣಪ್ಪ. ಅದು ನಾನು ಹೇಳಿದ್ದು.”

ನನಗೆ ಅರ್ಥವಾಗಲಿಲ್ಲ.

“ಹೋದ ಎರಡು ಸಲಾನೂ ಅವನು ಇಲ್ಲೇ ಇದ್ದ. ಏನೂ ಮಾಡೋಕಾಗ್ಲಿಲ್ವಲ್ಲ ಅಂತ ಗೋಡೆ ನೋಡ್ಕೊಂಡು ಕೂತುಬಿಟ್ಟ, ತಿಂಗಳಾನುಗಟ್ಟಲೆ. ಅವಳಿಗಾದ್ರೆ ನೋವಿತ್ತು, ಔಷಧಿ ಇತ್ತು, ಮಲಕ್ಕೋ ಅಂತ ಹೇಳೋರಿದ್ರು. ಇವನಿಗೇನಿತ್ತು? ಅದಕ್ಕೇ ಈ ಸಲ ಅವನ ಕೈಲಾಗೋದು ಒಂದು ಇರ್ಲಿ ಅಂತ ಹೇಳ್ದೆ.” ಬಟ್ಟೆಯನ್ನು ಹಿಂಡಿ ನಲ್ಲಿಯ ಮೇಲೆ ಹರವಿದರು. “ಮಗು ಉಳಿಸೋಕೆ ನನಗೇನಪ್ಪ ಗೊತ್ತು.”

ಗಂಡನಿಗೇಕೆ ಇಷ್ಟೊಂದು ನಿಷೇಧವೆಂಬ ಪ್ರಶ್ನೆಗೆ ನನಗೆ ದೊರೆತ ಏಕೈಕ ಉತ್ತರ ಇದು. ಇದನ್ನು ಯಾವ ಪ್ರಾಜ್ಞರ ಬಳಿಯೂ ಪರಿಶೀಲಿಸಿಲ್ಲ. ಆದರೆ ಮನೆಗೆ ಡ್ರೈವ್ ಮಾಡುತ್ತ ಬರುವಾಗ, ಹಿಂದೆ ಯಾವುದೋ ಕಾಲದಲ್ಲಿ, ಯಾವುದೋ ಅಡುಗೆಮನೆಯಲ್ಲಿ, ಬಾಗಿಲ ಹೊರಗೆ ಸುಮ್ಮನೆ ಕೂತ ಒಬ್ಬ ಗಂಡಸನ್ನು ನೋಡಲಾರದೆ ಒಬ್ಬ ತಾಯಿ “ಕ್ಷೌರ ಮಾಡಿಸ್ಕೋಬೇಡ ಹೋಗು” ಎಂದಿರಬಹುದೆಂದೂ, ಶಾಸ್ತ್ರಗಳಲ್ಲಿ ಒಂದಷ್ಟು ಹಾಗೆಯೇ ಹುಟ್ಟಿರಬಹುದೆಂದೂ ನನಗೆ ತೋರಿತು. ದಾರಿಯಲ್ಲಿ ಎಷ್ಟು ತೊರೆ ದಾಟಿದೆವೋ ಆ ದಿನವೂ ತಿಳಿಯಲಿಲ್ಲ. ಉಷಾ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು.

ಆ ವಾರವೆಲ್ಲ ಶ್ರೀಧರ ಗೋಡೆ ನೋಡುತ್ತ ಕೂರಲಿಲ್ಲವೆಂದು ಹೇಳಿದರೆ ತಾವು ನಂಬಬಾರದು. ಕೂತ. ಆದರೆ ಮೊದಲಿಗಿಂತ ಬೇಗ ಎದ್ದ ಎಂದು ಸುಶೀಲಮ್ಮನವರು ಮೈಸೂರಿಗೆ ಹೊರಡುವ ಮುನ್ನ ಫೋನಿನಲ್ಲಿ ತಿಳಿಸಿದರು. ಅಡುಗೆಮನೆಯಲ್ಲಿ ಅವರು ಹೇಳಿದ್ದನ್ನು ನಾನು ಅವನಿಗೆ ಹೇಳಲಿಲ್ಲ. ಶನಿವಾರಗಳಂದು ಮೂವರೂ ಮತ್ತೆ ತುಳಿಯತೊಡಗಿದೆವು. ಅವನು ನುಣ್ಣಗೆ ಮುಖ ಬೋಳಿಸಿಕೊಂಡು ಬರುತ್ತಿದ್ದ. ಸೇತುವೆಗಳನ್ನು ನಮಗಿಂತ ಮೊದಲು, ವೇಗವಾಗಿ ದಾಟುತ್ತಿದ್ದ. ಅದನ್ನು ನೋಡುವುದು ನಿಂತಿದ್ದನ್ನು ನೋಡುವುದಕ್ಕಿಂತ ಕಷ್ಟವಾಗಿತ್ತು.

ಒಂದು ವರ್ಷದ ಮೇಲೆ ಕಳೆದಿದೆ. ಕಳೆದ ಶನಿವಾರ ವೀರಣ್ಣ ಅಂಕಲ್ ಸೈಪ್ರೆಸ್‌ನಿಂದ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬಂದಿದ್ದರು. ಸೀಡರ್ ಪಾರ್ಕಿನ ಹತ್ತಿರ ತೊರೆಯ ಪಕ್ಕದಲ್ಲಿ ಸಾಗುವ ಜಲ್ಲಿ ದಾರಿಯಲ್ಲಿ ಸೇರುವುದೆಂದು ಮಾತಾಗಿತ್ತು. ಶ್ರೀಧರ ತಡವಾಗಿ ಬಂದ. ಅಂಕಲ್ ಗಾಳಿ ನೋಡುವ ನೆವದಲ್ಲಿ ಬಗ್ಗಿ, ಅವನ ಮುಖ ನೋಡಿ, ನನ್ನನ್ನು ನೋಡಿದರು. ನಾಲ್ಕೈದು ದಿನದ ಗಡ್ಡ. ಎರಡು ಡೆಡ್‌ಲೈನುಗಳ ನಡುವೆ ಯಾರ ಮುಖದ ಮೇಲೂ ಇರಬಹುದಾದಷ್ಟೇ. ನಾವು ಹವಾಮಾನದ ಬಗ್ಗೆ ಮಾತಾಡಿದೆವು.

ಮೊದಲ ಸೇತುವೆ ಬಂತು. ಕೆಳಗೆ ನೀರು ಅಂಗೈಯಷ್ಟು ಆಳವೂ ಇರಲಿಲ್ಲ. ಶ್ರೀಧರ ಬ್ರೇಕ್ ಹಿಡಿದು ಒಂದು ಕಾಲನ್ನು ಜಲ್ಲಿಯ ಮೇಲೆ ಊರಿ ನಿಂತ. ನಮ್ಮ ಕಡೆ ತಿರುಗಲಿಲ್ಲ.

ವೀರಣ್ಣ ಅಂಕಲ್ ತಮ್ಮ ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದರು. “ಈ ದಂಡಿಗೂ ಭಾಳ ದಾರಿ ಅದ,” ಎಂದರು, “ನಡೀರಿ.”

ಅಂಕಲ್ ಮುಂದೆ ಹೋದರು. ಶ್ರೀಧರ ನನ್ನ ಪಕ್ಕಕ್ಕೆ ಬಂದ.

“ಅಮ್ಮ ಹೇಳಿದ್ದು ಎಲ್ಲೂ ಬರೆದಿಲ್ಲ ಕಣೋ, ಗೊತ್ತಾ? ಹೊರಡೋ ಮುಂಚೇನೇ ಹುಡುಕಿದ್ದೆ. ಎಲ್ಲಾ ಕಡೆ ಹುಡುಕಿದೀನಿ.”

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ, ನಿಜ ಹೇಳುವ ಧೈರ್ಯವೂ ಆಗಲಿಲ್ಲ. “ಎಲ್ಲೋ ಬರೆದಿರ್ತಾರೆ ಬಿಡೋ,” ಎಂದೆ. ಅವನು ನನ್ನನ್ನು ಒಮ್ಮೆ ನೋಡಿದ. “ಬರೆದಿದ್ರೆ ಚೆನ್ನಾಗಿತ್ತು,” ಎಂದು ತುಳಿದ.

ಆದಕಾರಣ, ಆ ಕೊರತೆಯನ್ನು ನೀಗಿಸುವ ಸಲುವಾಗಿ, ಶ್ರೀಧರ ಮತ್ತು ಸಹನಾ ಇಬ್ಬರ ಒಪ್ಪಿಗೆ ಪಡೆದು ಈ ಮೂಲಕ ಬರೆದಿಟ್ಟಿದ್ದೇನೆ. ಬಸುರಿಯ ಗಂಡನು ತನ್ನ ಕಾಲಿನ ಬಲದಿಂದ ಹರಿವ ನೀರನ್ನು ದಾಟತಕ್ಕದ್ದಲ್ಲ. ಅವನ ಜೊತೆ ಹೊರಟವರೂ ದಾಟತಕ್ಕದ್ದಲ್ಲ.